ತುರಿಸೋ ನೀರುಗುಳ್ಳೆಗೆ ಇಮ್ಯುನೋಫ್ಲೋರಸೆನ್ಸ್: ತುಂಡು ಎಲ್ಲಿಂದ ತೆಗೀಬೇಕು, ಸ್ಲೈಡಲ್ಲಿ ಏನು ನೋಡ್ಬೇಕು

ಸ್ಕಿನ್ ಪೋಸ್ಟಿಂಗಿಗೆ ಹೊಸದಾಗಿ ಬಂದಿರೋರಿಗೆ ಅಂತ ಬರೀತಿದೀನಿ. ಎಪ್ಪತ್ತು ದಾಟಿದ ಅಜ್ಜ ಅಜ್ಜಿಯರು ತಿಂಗಳುಗಟ್ಟಲೆ ಮೈಯೆಲ್ಲಾ ನವೆ ಅಂತ ಒದ್ದಾಡ್ತಿರ್ತಾರೆ, ಕಜ್ಜಿ ಮುಲಾಮು ಹಚ್ಚಿ ಆಗಿರತ್ತೆ, ಅಲರ್ಜಿ ಮಾತ್ರೆನೂ ಮುಗಿದಿರತ್ತೆ, ಆಮೇಲೆ ಒಂದಿನ ಬಿಗಿಯಾದ ನೀರುಗುಳ್ಳೆ ಏಳತ್ತೆ. ಬುಲ್ಲಸ್ ಪೆಂಫಿಗಾಯ್ಡ್, ಅಂದ್ರೆ ಮೈಯ ಆಂಟಿಬಾಡಿಗಳೇ ತನ್ನ ಚರ್ಮದ ಮೇಲೆ ತಿರುಗಿಬಿದ್ದು ಗುಳ್ಳೆ ಏಳಿಸೋ ಕಾಯಿಲೆ, ಎಷ್ಟೋ ಸಲ ಹೀಗೇ ಬರೋದು. ಶುಗರಿಗೆ ವಿಲ್ಡಾಗ್ಲಿಪ್ಟಿನ್ ತಗೋತಿದಾರಾ ಅಂತ ತಪ್ಪದೆ ಕೇಳಿ, ಆ ಗುಂಪಿನ ಮಾತ್ರೆಗೂ ಈ ಕಾಯಿಲೆಗೂ ನಂಟಿದೆ.

ಬಯಾಪ್ಸಿ ಎರಡು ಬೇಕು. ಒಂದು ಹೊಸ ಗುಳ್ಳೆಯ ಅಂಚಿಂದ, ಅದು ಮಾಮೂಲಿ ಮೈಕ್ರೋಸ್ಕೋಪ್ ಪರೀಕ್ಷೆಗೆ ಫಾರ್ಮಲಿನ್‌ಗೆ. ಇನ್ನೊಂದು ಇಮ್ಯುನೋಫ್ಲೋರಸೆನ್ಸಿಗೆ, ಅಂದ್ರೆ ಚರ್ಮದಲ್ಲಿ ಕೂತಿರೋ ಆಂಟಿಬಾಡಿನ ಹೊಳೆಯೋ ಹಾಗೆ ಮಾಡಿ ನೋಡೋ ಟೆಸ್ಟಿಗೆ, ಅದನ್ನ ಗುಳ್ಳೆ ಮೇಲಿಂದ ತೆಗೀಲೇಬಾರದು, ಪಕ್ಕದಲ್ಲಿ ಒಂದು ಸೆಂಟಿಮೀಟರ್ ಒಳಗಿನ ಚರ್ಮದಿಂದ 4 ಎಂಎಂ ಪಂಚ್ (ಚರ್ಮದ ತುಂಡು ಕೊರೆಯೋ ದುಂಡನೆ ಬ್ಲೇಡ್) ಹಾಕಿ, ಯಾಕಂದ್ರೆ ಗುಳ್ಳೆ ಇರೋ ಕಡೆ ಉರಿಯೂತದಲ್ಲಿ ಆಂಟಿಬಾಡಿ ಅಳಿಸಿಹೋಗಿರಬಹುದು. ಮೊಣಕಾಲ ಕೆಳಗೆ ಆದಷ್ಟು ಬೇಡ, ಅಲ್ಲಿ ಸುಳ್ಳು ನೆಗೆಟಿವ್ ಜಾಸ್ತಿ.

ಈ ಎರಡನೇ ತುಂಡು ಮೈಕೆಲ್ಸ್ ಮೀಡಿಯಂಗೇ (ತುಂಡು ಕೆಡದ ಹಾಗೆ ಲ್ಯಾಬಿಗೆ ಸಾಗಿಸೋ ದ್ರಾವಣ) ಹೋಗ್ಬೇಕು, ಇಲ್ಲಾಂದ್ರೆ ನಾರ್ಮಲ್ ಸಲೈನಲ್ಲಿ ಹಾಕಿ 24 ಗಂಟೆ ಒಳಗೆ ಲ್ಯಾಬ್ ಮುಟ್ಟಿಸಿ. ನಾನು ಕಲಿಯೋವಾಗ ಒಬ್ಬ ಅಜ್ಜಿಯ ಎರಡು ತುಂಡೂ ಫಾರ್ಮಲಿನ್ ಡಬ್ಬಿಗೇ ಬಿದ್ದು ಟೆಸ್ಟ್ ಆಗ್ಲೇ ಇಲ್ಲ, ಅವರನ್ನ ಮತ್ತೆ ಕರೆಸಿ ಮತ್ತೆ ಚುಚ್ಚಬೇಕಾಯ್ತು, ಇವತ್ತಿಗೂ ನೆನೆಸಿಕೊಂಡ್ರೆ ಸಂಕಟ ಆಗತ್ತೆ. ಪಂಚ್ ಕೈಗೆ ತಗೊಳ್ಳೋ ಮುಂಚೆನೇ ಎರಡೂ ಡಬ್ಬಿಗೆ ಲೇಬಲ್ ಅಂಟಿಸಿಬಿಡಿ.

ಲ್ಯಾಬಲ್ಲಿ ತುಂಡನ್ನ ಹೆಪ್ಪುಗಟ್ಟಿಸಿ, ತೆಳ್ಳಗೆ ಕತ್ತರಿಸಿ, ಐಜಿಜಿ, ಐಜಿಎ, ಐಜಿಎಂ ಅನ್ನೋ ಮೂರು ಬಗೆ ಆಂಟಿಬಾಡಿಗೆ, ಜೊತೆಗೆ ಸಿ3, ಫೈಬ್ರಿನೋಜನ್ ಅನ್ನೋ ಪ್ರೋಟೀನುಗಳಿಗೆ ಅಂಟೋ ಹೊಳೆಯುವ ಆಂಟಿಬಾಡಿ ಹಾಕ್ತಾರೆ. ಕತ್ತಲೆ ಕೋಣೆಲಿ ಹಸಿರು ಹೊಳಪು ಎಲ್ಲಿದೆ, ಯಾವ ಆಕಾರದಲ್ಲಿದೆ ಅಂತ ನೋಡಿ. ಚರ್ಮದ ಮೇಲ್ಪದರ ಕೆಳಪದರ ಸೇರೋ ಕಡೆ ಒಂದೆಳೆ ರಂಗೋಲಿ ಎಳೆದ ಹಾಗೆ ಐಜಿಜಿ, ಸಿ3 ಇದ್ರೆ ಪೆಂಫಿಗಾಯ್ಡ್ ಕಡೆ ಯೋಚಿಸಿ. ಅದೇ ಎಳೆ ಐಜಿಎದ್ದಾದ್ರೆ ಲೀನಿಯರ್ ಐಜಿಎ ಕಾಯಿಲೆ, ಆಗ ಅದನ್ನ ಕೆರಳಿಸಬಲ್ಲ ಆಂಟಿಬಯೋಟಿಕ್ ವ್ಯಾಂಕೊಮೈಸಿನ್ ಕೊಟ್ಟಿದ್ರಾ ಅಂತ ಕೇಸ್ ಶೀಟ್ ತೆಗೆದು ನೋಡಿ. ಎಳೆ ಇಲ್ದೆ ಡರ್ಮಲ್ ಪ್ಯಾಪಿಲ್ಲಾ (ಕೆಳಪದರದಿಂದ ಮೇಲೆದ್ದ ಪುಟ್ಟ ಉಬ್ಬು) ತುದೀಲಿ ರವೆ ಉದುರಿಸಿದ ಹಾಗೆ ಐಜಿಎ ಕಂಡ್ರೆ ಡರ್ಮಟೈಟಿಸ್ ಹರ್ಪೆಟಿಫಾರ್ಮಿಸ್, ಗೋಧಿಯ ಗ್ಲುಟೆನ್‌ನಿಂದ ಕೆರಳೋ ಕಾಯಿಲೆ. ಜೀವಕೋಶಗಳ ಸುತ್ತ ಮೀನಿನ ಬಲೆ ತರ ಐಜಿಜಿ ಇದ್ರೆ ಪೆಂಫಿಗಸ್, ಅದರಲ್ಲಿ ಗುಳ್ಳೆ ಸಡಿಲ, ನವೆಗಿಂತ ನೋವು ಜಾಸ್ತಿ.

ಎಳೆ ಕಂಡ ತಕ್ಷಣ ಪೆಂಫಿಗಾಯ್ಡೇ ಅಂತ ಬರೆದುಬಿಡಬೇಡಿ. ಒಂದು ಮೋಲಾರ್ ಉಪ್ಪುನೀರಲ್ಲಿ ನೆನೆಸಿದ್ರೆ ಚರ್ಮ ಆ ಸೇರೋ ಜಾಗದಲ್ಲೇ ಬಿಟ್ಕೊಳ್ಳತ್ತೆ, ಹೊಳಪು ಸೂರಿನ ಕಡೆ (ಬಿಟ್ಟ ಜಾಗದ ಮೇಲ್ಭಾಗ) ಇದ್ರೆ ಪೆಂಫಿಗಾಯ್ಡ್, ನೆಲದ ಕಡೆ (ಕೆಳಭಾಗ) ಇದ್ರೆ ಎಪಿಡರ್ಮೊಲೈಸಿಸ್ ಬುಲ್ಲೋಸಾ ಅಕ್ವಿಸಿಟಾ ತರದ್ದು, ಅದು ಔಷಧಿಗೆ ಬಗ್ಗೋದು ಕಷ್ಟ. ರಕ್ತದಲ್ಲೂ ಆಂಟಿಬಾಡಿ ಹುಡುಕಬಹುದು, 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಪೆಂಫಿಗಸ್ ರೋಗಿಗಳ ರಕ್ತದಲ್ಲಿ ತೋರಿಸಿದ್ದು ಇದನ್ನೇ.

ಡರ್ಮಟೈಟಿಸ್ ಹರ್ಪೆಟಿಫಾರ್ಮಿಸಲ್ಲಿ ಮೊಣಕೈ, ಮಂಡಿ, ಕುಂಡೆ ಮೇಲೆ ಬರೀ ಪರಚಿದ ಗಾಯ ಕಾಣತ್ತೆ, ಗುಳ್ಳೆ ಸಿಗೋದೇ ಅಪರೂಪ. ಗೋಧಿ ಬಿಡಿಸೋಕೆ ಮುಂಚೆನೇ ಬಯಾಪ್ಸಿ ಮುಗಿಸಿ, ಬಿಟ್ಟು ತುಂಬಾ ದಿನ ಆದ್ಮೇಲೆ ಐಜಿಎ ಕರಗಿಹೋಗಬಹುದು. ಇದಕ್ಕೆ ಕೊಡೋ ಡ್ಯಾಪ್ಸೋನ್ ಮಾತ್ರೆ ಬರೆಯೋ ಮುಂಚೆ ಜಿ6ಪಿಡಿ ಟೆಸ್ಟ್ ನೋಡ್ಲೇಬೇಕು, ಈ ಕಿಣ್ವ ಕಮ್ಮಿ ಇರೋರಿಗೆ ಆ ಮಾತ್ರೆಯಿಂದ ಕೆಂಪು ರಕ್ತಕಣ ಒಡೆದುಹೋಗಬಹುದು. ಇನ್ನು ರಿಪೋರ್ಟ್ ನೆಗೆಟಿವ್ ಬಂದು, ರೋಗಿ ನೋಡಿದ್ರೆ ಅದೇ ಕಾಯಿಲೆ ಅನ್ಸಿದ್ರೆ, ಬೇರೆ ಜಾಗದಿಂದ ಇನ್ನೊಂದು ತುಂಡು ತೆಗೆದು ಕಳಿಸಿ.