ರಾಮಪತ್ರೆ ಜಡ್ಡಿ ಹುಡುಕುತ್ತಾ ಗೋವಾದಲ್ಲಿ

ಒಂದು ಮರ ಎಲ್ಲೆಲ್ಲಿದೆ ಅಂತ ಡೇಟಾವನ್ನು ಕೇಳಿದರೆ, ಬಹಳ ಸಲ ಅದು ಹೇಳುವುದು ಜನ ಎಲ್ಲೆಲ್ಲಿ ಗಾಡಿ ನಿಲ್ಲಿಸಿದ್ದಾರೆ ಅಂತ. ಪ್ರಭೇದಗಳ ಹರವು ಗುರುತಿಸುವುದು ನನ್ನ ಕೆಲಸ. ಊರು ಸಿದ್ದಾಪುರ, ಈಗ ಇರುವುದು ಫೋಂಡಾದಲ್ಲಿ. ಇಲ್ಲಿಗೆ ಬಂದ ಮೇಲೆ ಕೈಗೆತ್ತಿಕೊಂಡದ್ದು ರಾಮಪತ್ರೆ ಜಡ್ಡಿಗಳನ್ನು.

ವರ್ಷವಿಡೀ ನೀರು ಒಸರುವ ಕಣಿವೆಯಲ್ಲಿ ರಾಮಪತ್ರೆ ಕುಟುಂಬದ ಮರಗಳು ಕೆಸರಿನಲ್ಲೇ ನಿಂತು ಬೆಳೆದ ಕಾಡು ಅದು. ಕೆಸರಿನೊಳಗೆ ಬೇರಿಗೆ ಗಾಳಿ ಸಿಗುವುದಿಲ್ಲ. ಅದಕ್ಕೇ ಕೆಲವು ಮರಗಳ ಬೇರು ನೀರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ನಮ್ಮ ಕಡೆ ಕತ್ತಲೆಕಾನು ಹೆಸರುವಾಸಿ. ಗೋವಾದಲ್ಲಿ ಸತ್ತರಿ ತಾಲ್ಲೂಕಿನ ನಿರಂಕಾರಾಚಿ ರಾಯ್ ಇದೆ. ದೇವರಕಾಡು ಅಂತ ಜನ ಕೊಡಲಿ ಹಾಕಲಿಲ್ಲ, ಉಳಿಯಿತು.

ಇಂಥವು ಇನ್ನೆಲ್ಲಿ ಇರಬಹುದು? ಎಲ್ಲರಂತೆ ನಾನೂ ಜಿಬಿಐಎಫ್, ಐನ್ಯಾಚುರಲಿಸ್ಟ್ ಎಂಬ, ಯಾವ ಜೀವಿ ಎಲ್ಲಿ ಕಂಡಿತು ಅಂತ ದಾಖಲಿಸುವ ಜಾಲತಾಣಗಳಿಂದ ದಾಖಲೆ ಇಳಿಸಿಕೊಂಡೆ. ಅರ್ಧಕ್ಕರ್ಧ ರಸ್ತೆ ಬದಿಯವು. ಅದರ ಮೇಲೆ, ಅಪಾಯದಲ್ಲಿರುವ ಪ್ರಭೇದಗಳ ಜಾಗವನ್ನು ಐನ್ಯಾಚುರಲಿಸ್ಟ್ ಬೇಕಂತಲೇ ಮಸುಕು ಮಾಡುತ್ತದೆ. ನಿಜವಾದ ಜಾಗ 0.2 ಡಿಗ್ರಿಯ ಚೌಕದೊಳಗೆ ಎಲ್ಲಾದರೂ ಇರಬಹುದು, ಅಂದರೆ ಸುಮಾರು 20 ಕಿ.ಮೀ. ಗೋವಾದ ಅಗಲವೇ 60 ಕಿ.ಮೀ. ಆಸುಪಾಸು! ಆ ಚುಕ್ಕಿಗಳನ್ನೆಲ್ಲ ಕೈಬಿಟ್ಟೆ. ಉಳಿದವುಗಳಲ್ಲಿ ಒಂದು ಕಿ.ಮೀ. ಚೌಕಕ್ಕೆ ಒಂದೇ ದಾಖಲೆ ಇಟ್ಟುಕೊಂಡೆ. ಹೋಲಿಕೆಗೆ ಬೇಕಾದ ಹಿನ್ನೆಲೆ ಚುಕ್ಕಿಗಳನ್ನು ನಕ್ಷೆಯ ಮೇಲೆ ಸುಮ್ನೆ ಎರಚಲಿಲ್ಲ. ಬೇರೆ ಮರಗಳನ್ನು ಜನ ದಾಖಲಿಸಿದ ಜಾಗಗಳಿಂದಲೇ ಆರಿಸಿದೆ. ರಸ್ತೆ ಬದಿಯ ಪಕ್ಷಪಾತ ಆಗ ಎರಡೂ ಕಡೆ ಇರುತ್ತದೆ, ಒಂದನ್ನೊಂದು ತಗ್ಗಿಸುತ್ತದೆ.

ಮಾಡೆಲ್‌ಗೆ, ಅಂದರೆ ಮರ ಕಂಡ ಜಾಗಗಳ ಗುಣ ನೋಡಿ ಅದು ಇನ್ನೆಲ್ಲಿ ಇರಬಹುದು ಅಂತ ಅಂದಾಜಿಸುವ ಲೆಕ್ಕಕ್ಕೆ, ಬಳಸಿದ್ದು ಮ್ಯಾಕ್ಸೆಂಟ್ ಎಂಬ ತಂತ್ರಾಂಶ. ಹಳೆಯದಾದರೂ ಕಡಿಮೆ ದಾಖಲೆಗಳಿದ್ದಾಗ ಚೆನ್ನಾಗಿ ದುಡಿಯುತ್ತದೆ. ತೊಡಕಿದ್ದದ್ದು ಹವಾಮಾನದ ಡೇಟಾದಲ್ಲಿ. ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ಹವಾಮಾನ ನಕ್ಷೆಯ ಒಂದು ಚೌಕ ಹೆಚ್ಚುಕಡಿಮೆ ಒಂದು ಕಿ.ಮೀ. ಜಡ್ಡಿಯೋ, ಹಳ್ಳದ ಗುಂಟ ಒಂದು ಕಿರಿದಾದ ಪಟ್ಟಿ. ಮಳೆ, ಉಷ್ಣಾಂಶ ಎರಡನ್ನೇ ನಂಬಿದರೆ ಇಡೀ ಸಹ್ಯಾದ್ರಿಯ ಇಳಿಜಾರು ನಕ್ಷೆಯಲ್ಲಿ ಕೆಂಪಾಗುತ್ತದೆ, ಅಂದರೆ ಎಲ್ಲ ಕಡೆ ಜಡ್ಡಿ ಇರಬಹುದು ಅನ್ನುತ್ತದೆ. ಅದರಿಂದ ಯಾರಿಗೇನು ಉಪಯೋಗ? 30 ಮೀಟರ್ ಚೌಕದ ಎತ್ತರದ ನಕ್ಷೆಯಿಂದ ನೀರು ಎಲ್ಲಿ ಹರಿದು ತಂಗುತ್ತದೆ ಅಂತ ಲೆಕ್ಕ ಹಾಕಿ ಸೇರಿಸಿದ ಮೇಲೆ ನಕ್ಷೆ ನಡೆದು ನೋಡಬಹುದಾದಷ್ಟಕ್ಕೆ ಇಳಿಯಿತು. ಮಾಡೆಲ್ ಎಷ್ಟು ಸರಿ ಅಂತ ಪರೀಕ್ಷಿಸುವಾಗಲೂ ದಾಖಲೆಗಳನ್ನು ಕಲಸಿ, ಅರ್ಧ ಕಲಿಸಲು ಅರ್ಧ ಪರೀಕ್ಷೆಗೆ ಅಂತ ಮಾಡಲಿಲ್ಲ. ಪಕ್ಕಪಕ್ಕದ ಚುಕ್ಕಿಗಳು ಒಂದಕ್ಕೊಂದು ಕಾಪಿ ಹೊಡೆದು ಅಂಕ ಜಾಸ್ತಿ ಬರುತ್ತದೆ ಅಲ್ವಾ? ದಕ್ಷಿಣದ ಡೇಟಾದಿಂದ ಕಲಿಸಿ ಉತ್ತರದಲ್ಲಿ ಪರೀಕ್ಷಿಸಿದೆ. ಅಂಕ ಇಳಿಯಿತು. ಇಳಿದ ಅಂಕವನ್ನೇ ನಾನು ನಂಬುತ್ತೇನೆ.

ಆಮೇಲೆ ಅರಣ್ಯ ಇಲಾಖೆಯ ಅನುಮತಿ, ಉಂಬಳ, ಸವೆದ ಶೂ. ಅದೆಲ್ಲ ಇದ್ದದ್ದೇ.

ನಕ್ಷೆಯಲ್ಲಿ ಕಡುಗೆಂಪಾಗಿದ್ದ ಎಷ್ಟೋ ಕಡೆ ಹೋಗಿ ನೋಡಿದರೆ ಅಡಿಕೆ ತೋಟ. ಇಲ್ಲಿಯವರು ಕುಳಾಗರ್ ಅನ್ನುತ್ತಾರೆ. ಅಡಿಕೆ, ತೆಂಗು, ಬಾಳೆ, ಮೆಣಸಿನ ಬಳ್ಳಿ, ನಡುವೆ ನೀರಿನ ಕಾಲುವೆ. ಮಾಡೆಲ್ ಹೇಳಿದ್ದು ಸುಳ್ಳಲ್ಲ. ಜಡ್ಡಿಗೆ ಬೇಕಾದ ಕಣಿವೆಯೇ ಅಡಿಕೆಗೂ ಬೇಕು. ನಮ್ಮ ಮಲೆನಾಡಿನಲ್ಲೂ ಇದೇ ಕತೆ. ಅಡಿಕೆ ಬೆಳೆಯುವ ಮನೆಯಿಂದ ಬಂದ ನಾನು ತೋಟದವರನ್ನು ಬೈಯಲಾರೆ.

ಅಂಥ ಒಂದು ತೋಟದಲ್ಲಿ ಕೆಲಸಕ್ಕಿದ್ದ ಖಾನಾಪುರದ ಕಾಕಾ ಒಬ್ಬರಿಗೆ ಲ್ಯಾಪ್‌ಟಾಪಿನಲ್ಲಿ ನಕ್ಷೆ ತೋರಿಸಿದೆ. ಅವರು ಅದನ್ನು ಜಾಸ್ತಿ ಹೊತ್ತು ನೋಡಲಿಲ್ಲ. "ಮೇಡಮ್ಮಾರ, ಬ್ಯಾಸಿಗ್ಯಾಗ ಬರ್ರಿ. ಮ್ಯಾಲಿನ ಹಳ್ಳ ಒಂದ ನೋಡ್ರಿ ಆರೂದಿಲ್ಲ, ಉಳದಾವೆಲ್ಲ ಆರತಾವ" ಎಂದರು. ಆಗಿನಿಂದ ಏಪ್ರಿಲ್, ಮೇ ತಿಂಗಳಲ್ಲಿ ಮೊದಲು ನೀರು ನೋಡಿಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಎಲ್ಲ ಕಣಿವೆಯೂ ಜಡ್ಡಿಯಂತೆಯೇ ಕಾಣುತ್ತದೆ. ಕಡುಬೇಸಿಗೆಯಲ್ಲಿ ಕಾಲು ಹೂತರೆ ಮಾತ್ರ ಮುಂದೆ ಹೆಜ್ಜೆ. ಕಾಕಾ ತೋರಿಸಿದ ಹಳ್ಳದ ತಲೆಯಲ್ಲಿ ತೋಟದ ಬೇಲಿ ದಾಟಿದ ಕೂಡಲೇ ಮಂಡಿಬೇರುಗಳಿದ್ದವು, ಪಕ್ಕದಲ್ಲೇ ಪಂಪಿನ ಪೈಪು.

ಮರ ಸಿಗದ ಜಾಗವನ್ನೂ ಬರೆದಿಡುತ್ತೇನೆ. ಯಾವ ತಿಂಗಳು, ಎಷ್ಟು ಹೊತ್ತು ಹುಡುಕಿದೆ, ನೀರಿತ್ತೇ ಇಲ್ಲವೇ ಎಂಬುದೂ ಸೇರಿ. ಇದನ್ನು ಯಾರೂ ಫೋಟೋ ತೆಗೆದು ಹಾಕುವುದಿಲ್ಲ. ಆದರೆ ಮಾಡೆಲ್ ತಿದ್ದಲು ಇದರಷ್ಟು ಬೆಲೆಯ ಡೇಟಾ ಇನ್ನೊಂದಿಲ್ಲ.

ಸಂರಕ್ಷಣೆಗೆ ಬಂದರೆ, ಮೊದಲು ನೋಡಬೇಕಾದ್ದು ಒಂದು ತುಂಡು ಜಡ್ಡಿಯಿಂದ ಇನ್ನೊಂದಕ್ಕೆ ಇರುವ ದೂರ. ರಾಮಪತ್ರೆ ಬೀಜ ಒಣಗಿದರೆ ಸತ್ತಂತೆ, ಕೂಡಿಟ್ಟು ಆಮೇಲೆ ಬಿತ್ತುತ್ತೇನೆ ಅಂದರೆ ಆಗದು. ಬೀಜಕ್ಕೆ ಸುತ್ತಿದ ಕೆಂಪು ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ನುಂಗಿ ದೂರ ಹಾಕಬೇಕು. ಹಾಗಾಗಿ ಎರಡು ಜಡ್ಡಿಗಳ ನಡುವೆ ದೊಡ್ಡ ಮರಗಳ ಸಾಲು ಎಲ್ಲಿ ತಪ್ಪಿದೆ ಅಂತ ಬೇರೆ ನಕ್ಷೆ ಮಾಡಿ ಇಲಾಖೆಗೆ ಕೊಟ್ಟಿದ್ದೇನೆ. ಹೊಸ ಜಡ್ಡಿಗಳ ನಿಖರ ಜಾಗ ಅದರಲ್ಲಿದೆ, ಪ್ರಕಟಿಸುವ ನಕ್ಷೆಯಲ್ಲಿ ಇಲ್ಲ. ಮಸಾಲೆಗೆ ಹೋಗುವ ಪತ್ರೆಗೆ ಮಾರುಕಟ್ಟೆಯಲ್ಲಿ ಗಿರಾಕಿ ಇದ್ದಾರೆ. ಮಸುಕು ಮಾಡಿದ್ದಾರೆ ಅಂತ ಗೊಣಗಿದ ನಾನೇ ಈಗ ಮಸುಕು ಮಾಡುತ್ತೇನೆ. ಸಂಶೋಧನೆಗೆ ಬೇಕಾದವರು ಪತ್ರ ಬರೆದು ಕೇಳಲಿ, ಕೊಡುತ್ತೇನೆ.