ಸರೋವರದ ದಡದಲ್ಲಿ ನಾಲ್ಕು ರಾತ್ರಿಯ ಬಿಡಾರ

ದೋಸೆ ಹಿಟ್ಟು ಕಾವಲಿಯ ಮೇಲೆ ಒಂದೇ ಕಡೆಗೆ ಹರಿಯುತ್ತಿತ್ತು. ಅತ್ತೆ ಎರಡು ಸಲ ಹೊಯ್ದು ನೋಡಿದರು. ಎರಡು ಸಲವೂ ದೋಸೆ ಮಾವಿನಕಾಯಿಯ ಆಕಾರಕ್ಕೆ ಬಂತು. ಸೌಟನ್ನು ಕೆಳಗಿಟ್ಟು, "ನಿನ್ನ ಗಾಡಿ ವಾಲಿದೆ ಕಣಮ್ಮ," ಎಂದರು. 2022ರ ಬೇಸಿಗೆಯಲ್ಲಿ ನಾವು ಮೊದಲ ಸಲ ಆರ್‌ವಿ, ಅಂದರೆ ಒಲೆ, ಹಾಸಿಗೆ, ಶೌಚಾಲಯ ಎಲ್ಲ ಒಳಗೇ ಇರುವ ಮನೆಗಾಡಿ, ಬಾಡಿಗೆಗೆ ಪಡೆದು, ಅಮೆರಿಕದ ಮಿಷಿಗನ್‌ ರಾಜ್ಯದ ಒಂದು ಖಾಸಗಿ ಕ್ಯಾಂಪ್‌ಗ್ರೌಂಡಿನಲ್ಲಿ ಇಳಿದ ಮರುದಿನದ ಬೆಳಗ್ಗೆ ಅದು.

ಜಾಹೀರಾತಿನಲ್ಲಿ "ಸರೋವರದ ದಡದಲ್ಲೇ" ಎಂದಿತ್ತು. ದಡವೇನೋ ಇತ್ತು, ಆದರೆ ನಮಗೂ ಅದಕ್ಕೂ ನಡುವೆ ಲಾರಿ ಓಡಾಡುವ ರಸ್ತೆಯೊಂದಿತ್ತು. ನಾಲ್ಕು ವರ್ಷದ ಮಗಳ ರಟ್ಟೆ ಹಿಡಿದುಕೊಂಡೇ ದಾಟಬೇಕು. ಸ್ನಾನದ ಮನೆ ಇನ್ನೊಂದು ತುದಿಯಲ್ಲಿ. ಶಿವಮೊಗ್ಗದಿಂದ ಬಂದಿದ್ದ ಅತ್ತೆಗೆ ಗಾಡಿಯೊಳಗಿನ ಶೌಚಾಲಯ ಕಂಡ ಕ್ಷಣದಿಂದಲೇ ಒಗ್ಗಲಿಲ್ಲ. ಒಲೆಗೂ ಅದಕ್ಕೂ ನಾಲ್ಕೇ ಹೆಜ್ಜೆ. "ಇಲ್ಲಿ ಅಡುಗೆ, ಇಲ್ಲೇ ಅದು," ಎಂದು ಅಷ್ಟಕ್ಕೇ ಮಾತು ನಿಲ್ಲಿಸಿದರು. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಅವರ ಜೊತೆ ಅಷ್ಟು ದೂರ ನಡೆಯುತ್ತಾ, ಮುಂದಿನ ಸಲ ಜಾಗ ಆರಿಸುವುದು ಗಂಡನ ಕೆಲಸವಲ್ಲ, ನನ್ನದು ಎಂದು ತೀರ್ಮಾನಿಸಿದೆ.

ಮರುವರ್ಷ ನಾನು ಆರಿಸಿದ್ದು ರಾಜ್ಯ ಸರ್ಕಾರದ ಲಡಿಂಗ್ಟನ್ ಸ್ಟೇಟ್ ಪಾರ್ಕ್. ಡೆಟ್ರಾಯಿಟ್ ಹೊರವಲಯದ ನಮ್ಮ ಮನೆಯಿಂದ ನಾಲ್ಕು ಗಂಟೆಯ ದಾರಿ. ಆರ್‌ವಿಯಲ್ಲಾದರೆ ಐದು ಎಂದಿಟ್ಟುಕೊಳ್ಳಿ. ಅದನ್ನೇ ಆರಿಸಲು ಒಂದು ಕಾರಣವಿತ್ತು: ಅಲ್ಲಿ ನೀರು ಎರಡು ಕಡೆ ಇದೆ. ಪಶ್ಚಿಮಕ್ಕೆ ಸಮುದ್ರದಂಥ ಮಿಷಿಗನ್ ಸರೋವರ, ಪೂರ್ವಕ್ಕೆ ಹ್ಯಾಮ್ಲಿನ್ ಸರೋವರ. ಹ್ಯಾಮ್ಲಿನ್ ಹಿಂದೆ ಮರದ ದಿಮ್ಮಿ ಸಾಗಿಸಲು ನದಿಗೆ ಅಡ್ಡಗಟ್ಟೆ ಕಟ್ಟಿದ್ದರಿಂದ ಹರಡಿಕೊಂಡ ನೀರು. 1888ರಲ್ಲಿ ಆ ಕಟ್ಟೆ ಒಡೆದು ಕೆಳಗಿದ್ದ ಹ್ಯಾಮ್ಲಿನ್ ಎಂಬ ಊರೇ ಕೊಚ್ಚಿಹೋಯಿತು. ಈಗಿನ ಕಟ್ಟೆಯ ಮೇಲೆ ನಿಂತು ಮಾವ ಈ ಕಥೆಯನ್ನು ಫಲಕದಿಂದ ಓದಿ, ಲಿಂಗನಮಕ್ಕಿಯ ನೆನಪು ತೆಗೆದು ಅರ್ಧ ಗಂಟೆ ಮಾತನಾಡಿದರು.

ಎರಡು ನೀರಿನ ಲಾಭ ಮಕ್ಕಳಿರುವವರಿಗೆ ಗೊತ್ತಾಗುತ್ತದೆ. ಮಿಷಿಗನ್ ಸರೋವರ ಜುಲೈನಲ್ಲೂ ಮೋಸ ಮಾಡುತ್ತದೆ. ಉತ್ತರದ ಗಾಳಿ ಒಂದು ದಿನ ಬಿಡದೆ ಬೀಸಿದರೆ ಈ ದಡದ ಬೆಚ್ಚಗಿನ ಮೇಲ್ನೀರು ಆಚೆಗೆ ಸರಿದು, ತಳದ ತಣ್ಣೀರು ಮೇಲಕ್ಕೆ ಬರುತ್ತದೆ. ನಿನ್ನೆ ಈಜಿದ ಜಾಗದಲ್ಲಿ ಇಂದು ಪಾದ ಇಡಲಾಗುವುದಿಲ್ಲ. ಅಲೆ ಎದ್ದ ದಿನ ಒಳಗೆಳೆಯುವ ಸೆಳೆತವೂ ಇರುತ್ತದೆ. ಇಲ್ಲಿನ ಸ್ಟೇಟ್ ಪಾರ್ಕ್‌ಗಳ ದಡದಲ್ಲಿ ಜೀವರಕ್ಷಕರು ಇರುವುದಿಲ್ಲ, ಬಾವುಟದ ಬಣ್ಣ ನೋಡಿ ನಾವೇ ತಿಳಿದುಕೊಳ್ಳಬೇಕು. ನಾವಿದ್ದ ನಾಲ್ಕು ದಿನಗಳಲ್ಲಿ ಎರಡು ದಿನ ಕೆಂಪು ಬಾವುಟ ಹಾರಿತು. ಆ ಎರಡೂ ದಿನ ಮಗಳು ಹ್ಯಾಮ್ಲಿನ್‌ನ ಮೊಣಕಾಲುದ್ದ ನೀರಿನಲ್ಲಿ ಮರಳು ತುಂಬಿ ಚೆಲ್ಲುತ್ತಾ ಕಳೆದಳು. ದೊಡ್ಡ ನೀರು ನೋಡುವುದಕ್ಕೆ, ಸಣ್ಣ ನೀರು ಇಳಿಯುವುದಕ್ಕೆ.

ಪಾರ್ಕ್ ಆರಿಸಿದ ಮೇಲೆ ನಿಜವಾದ ಕೆಲಸ ಶುರು, ಅಂದರೆ ಜಾಗದ ಸಂಖ್ಯೆ ಆರಿಸುವುದು. ಕರೆಂಟ್ ಇರುವ ಬಿಡಾರಗಳು ಅಲ್ಲಿ ಮೂರು: ದೊಡ್ಡ ಸರೋವರದ ಕಡೆಗೆ ಪೈನ್ಸ್, ಹ್ಯಾಮ್ಲಿನ್ ಕಡೆಗೆ ಬೀಚ್‌ವುಡ್, ನಡುವೆ ಸೀಡರ್. ನಾನು ಒಂದು ಭಾನುವಾರವಿಡೀ ಉಪಗ್ರಹ ನಕ್ಷೆ ತೆರೆದು ಕುಳಿತಿದ್ದೆ. ಮೊದಲು ಸ್ನಾನದ ಮನೆಯ ಚಾವಣಿ ಹುಡುಕಿ, ಅಲ್ಲಿಂದ ಪ್ರತಿ ಜಾಗಕ್ಕೂ ಎಷ್ಟು ದೂರ ಎಂದು ನಕ್ಷೆಯ ಅಳತೆಗೋಲಿನಿಂದ ಅಳೆದೆ. ನೂರೈವತ್ತು ಅಡಿಯೊಳಗೆ ಬರದ ಎಲ್ಲವನ್ನೂ ಹೊಡೆದುಹಾಕಿದೆ. ಗಂಡ ನಕ್ಕ. ಅವನಿಗೇನು, ರಾತ್ರಿ ಟಾರ್ಚ್ ಹಿಡಿದು ನಡೆದವಳು ನಾನು.

ಆಮೇಲೆ ಇಳಿಜಾರು. ಇದನ್ನು ಉಪಗ್ರಹ ಚಿತ್ರ ತೋರಿಸುವುದಿಲ್ಲ. ಹಿಂದೆ ಅಲ್ಲಿ ತಂಗಿದವರು ಹಾಕಿದ ಫೋಟೋಗಳಲ್ಲಿ ಗಾಡಿಯ ಚಕ್ರದ ಕೆಳಗೆ ಹಲಗೆಗಳಿವೆಯೇ ಎಂದು ನೋಡಿದೆ. ಎರಡು ಮೂರು ಹಲಗೆ ಒಂದರ ಮೇಲೊಂದು ಪೇರಿಸಿದ್ದರೆ ಆ ಜಾಗ ಬೇಡ. ದೋಸೆಗಾಗಿ ಮಾತ್ರವಲ್ಲ. ನಮ್ಮ ಬಾಡಿಗೆ ಗಾಡಿಯಲ್ಲಿದ್ದಂಥ, ಗ್ಯಾಸಿನಲ್ಲೂ ನಡೆಯುವ ಫ್ರಿಜ್ ಮಟ್ಟಸವಾಗಿ ನಿಲ್ಲದಿದ್ದರೆ ಸರಿಯಾಗಿ ತಂಪು ಮಾಡುವುದಿಲ್ಲ, ಕೆಟ್ಟೂ ಹೋಗುತ್ತದೆ. ಹಿಂದಿನ ವರ್ಷ ಎರಡೇ ದಿನಕ್ಕೆ ಮೊಸರು ಹುಳಿ ಬಂದದ್ದೇಕೆ ಎಂದು ಆಗ ತಿಳಿಯಿತು.

ನೀರಿಗೆ ತೀರ ಹತ್ತಿರದ ಜಾಗಗಳನ್ನು ಬೇಕೆಂದೇ ಬಿಟ್ಟೆ. ಎಲ್ಲರೂ ಬಯಸುವುದು ಅವನ್ನೇ, ಆದರೆ ಚಿಕ್ಕ ಮಗುವಿದ್ದರೆ ಚಾವಿ ಹುಡುಕುವ ಎರಡು ನಿಮಿಷವೂ ಎದೆ ಡವಗುಟ್ಟುತ್ತಿರುತ್ತದೆ. ದಡಕ್ಕೆ ಐದು ನಿಮಿಷದ ನಡಿಗೆ ಇದ್ದರೆ ಸಾಕು.

ಬುಕಿಂಗ್ ಆರು ತಿಂಗಳು ಮೊದಲು, ಬೆಳಗ್ಗೆ ಎಂಟಕ್ಕೆ ತೆರೆಯುತ್ತದೆ. ಜುಲೈ ಮಧ್ಯದ ಪ್ರವಾಸಕ್ಕಾಗಿ 2023ರ ಜನವರಿಯ ಒಂದು ಬೆಳಗ್ಗೆ, ಹೊರಗೆ ಹಿಮ ಬೀಳುತ್ತಿರುವಾಗ, ಗಂಡ ಲ್ಯಾಪ್‌ಟಾಪ್‌ನಲ್ಲಿ, ನಾನು ಮೊಬೈಲಿನಲ್ಲಿ ಕಾದು ಕುಳಿತೆವು. ತತ್ಕಾಲ್ ಟಿಕೆಟ್ ತೆಗೆದು ಅಭ್ಯಾಸವಿದ್ದವರಿಗೆ ಇದು ಹೊಸದಲ್ಲ. ನನ್ನ ಪಟ್ಟಿಯ ಮೊದಲ ಮೂರು ಜಾಗ ಕಣ್ಣೆದುರೇ ಹೋದವು. ನಾಲ್ಕನೆಯದು ಬೀಚ್‌ವುಡ್‌ನಲ್ಲಿ ಸಿಕ್ಕಿತು.

ಒಂದು ವಿಷಯ ಮೊದಲೇ ತಿಳಿದಿರಲಿ. ಮಿಷಿಗನ್‌ನ ಬಹುತೇಕ ಸ್ಟೇಟ್ ಪಾರ್ಕ್‌ಗಳಂತೆ ಇಲ್ಲೂ ನಮ್ಮ ಜಾಗಕ್ಕೆ ಕರೆಂಟ್ ಮಾತ್ರ ಬರುತ್ತದೆ. ನಲ್ಲಿ, ಒಳಚರಂಡಿ ಇಲ್ಲ. ಒಳಗೆ ಬರುವಾಗ ಟ್ಯಾಂಕಿಗೆ ನೀರು ತುಂಬಿಕೊಳ್ಳಬೇಕು, ಹೋಗುವಾಗ ಕೊಳೆನೀರನ್ನು ಡಂಪ್ ಸ್ಟೇಷನ್‌ನಲ್ಲಿ ಬಿಡಬೇಕು, ಮೊದಲು ಶೌಚದ ಟ್ಯಾಂಕ್, ಆಮೇಲೆ ಪಾತ್ರೆ ತೊಳೆದ ನೀರಿನದು, ಕೊಳವೆ ಅದರಿಂದಲೇ ತೊಳೆದುಹೋಗಲಿ ಎಂದು. ಗಾಡಿಯ ಟ್ಯಾಂಕ್ ಸುಮಾರು 40 ಗ್ಯಾಲನ್, ಅಂದರೆ ನೂರೈವತ್ತು ಲೀಟರ್. ಐದು ಜನ ಗಾಡಿಯಲ್ಲೇ ಸ್ನಾನ ಮಾಡಿದರೆ ಎರಡನೆಯ ದಿನಕ್ಕೆ ಖಾಲಿ. ಸ್ನಾನದ ಮನೆ ಹತ್ತಿರವಿರಬೇಕು ಎಂದು ಹಟ ಹಿಡಿದದ್ದು ಅತ್ತೆಯ ಮಡಿಗಾಗಿ, ಆದರೆ ನಾಲ್ಕು ದಿನ ಟ್ಯಾಂಕಿನ ಯೋಚನೆಯೇ ಬರದಂತೆ ಕಾದದ್ದೂ ಅದೇ.

ಕರೆಂಟಿನ ಲೆಕ್ಕದಲ್ಲಿ ಮಾತ್ರ ನಾನು ತಪ್ಪಿದೆ. ನಮ್ಮ ಗಾಡಿಯದು 30 ಆಂಪ್ಸ್, 120 ವೋಲ್ಟ್, ಅಂದರೆ 3,600 ವ್ಯಾಟ್. ಎಸಿ ಓಡುತ್ತಿತ್ತು. ಒಗ್ಗರಣೆ ಹಾಕಿದರೆ ಹೊಗೆಯ ಅಲಾರಂ ಕೂಗುತ್ತದೆ ಎಂದು ಮೊದಲ ದಿನವೇ ಗೊತ್ತಾಗಿದ್ದರಿಂದ 1,800 ವ್ಯಾಟ್‌ನ ಇಂಡಕ್ಷನ್ ಒಲೆಯನ್ನು ಹೊರಗಿನ ಮೇಜಿನ ಮೇಲಿಟ್ಟು, ಗಾಡಿಯ ಪ್ಲಗ್‌ನಿಂದ ವೈರ್ ಎಳೆದಿದ್ದೆವು. ಅಷ್ಟರಲ್ಲಿ ಮಾವ ಮೈಕ್ರೋವೇವ್‌ನಲ್ಲಿ ಕಾಫಿ ಬಿಸಿಗಿಟ್ಟರು. ಎಲ್ಲವೂ ಒಂದೇ ಏಟಿಗೆ ಆರಿಹೋಯಿತು, ಸಾಸಿವೆ ಅರ್ಧ ಸಿಡಿದಲ್ಲೇ ನಿಂತಿತು. ಅಂದಿನಿಂದ ಒಲೆ ಹಚ್ಚುವ ಮೊದಲು "ಎಸಿ ಆರಿಸಿ" ಎಂದು ಕೂಗುವ ಕೆಲಸ ಮಗಳದಾಯಿತು.

ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಆಷ್ ಮರಗಳನ್ನು ಕೊಲ್ಲುವ ಹಸಿರು ಕೊರಕ ಹುಳು ಈ ದೇಶದಲ್ಲಿ ಮೊದಲು ಪತ್ತೆಯಾದದ್ದೇ 2002ರಲ್ಲಿ, ನಮ್ಮ ಡೆಟ್ರಾಯಿಟ್ ಸುತ್ತಮುತ್ತ. ಅದು ಊರೂರು ಹಬ್ಬಿದ್ದಕ್ಕೆ ಹೀಗೆ ಗಾಡಿಗಳಲ್ಲಿ ಹೋದ ಸೌದೆಯೂ ಒಂದು ಕಾರಣ. ಅಲ್ಲೇ ಕೊಂಡೆವು.

ಮಾವ ಒಂದು ಬೆಳಗ್ಗೆ ನನ್ನ ಗಂಡನ ಜೊತೆ ಬಿಗ್ ಸೇಬಲ್ ದೀಪಸ್ತಂಭದವರೆಗೆ ನಡೆದು ಬಂದರು. ಹೋಗಲು ಎರಡು ಮೈಲಿಗೆ ಸ್ವಲ್ಪ ಕಡಿಮೆ. 1867ರ ಸ್ತಂಭ, 112 ಅಡಿ, ಮೇಲಕ್ಕೂ ಹತ್ತಿದರಂತೆ. ಅತ್ತೆಯ ಸಮಸ್ಯೆ ಬೇರೆ. ದೀಪ ಹಚ್ಚದೆ ರಾತ್ರಿಯ ಊಟ ಮಾಡುವವರಲ್ಲ ಅವರು, ಸೂರ್ಯನೋ ಒಂಬತ್ತೂಕಾಲಾದರೂ ಮುಳುಗಲೊಲ್ಲ. ಮೊದಲ ಸಂಜೆ ಕಾದು ಕಾದು, ಎರಡನೆಯ ಸಂಜೆಯಿಂದ "ಶಿವಮೊಗ್ಗದಲ್ಲಿ ಈಗ ಬೆಳಗಾಗಿರಬೇಕು, ಯಾವ ಲೆಕ್ಕದಲ್ಲಿ ಹಚ್ಚಿದರೂ ಸರಿಯೇ," ಎಂದು ಏಳಕ್ಕೇ ಹಚ್ಚಿದರು.

ನನ್ನ ಜಾಗದಲ್ಲಿ ಒಂದು ಕೊರತೆ ಉಳಿಯಿತು. ಸ್ನಾನದ ಮನೆಯ ದೀಪ ರಾತ್ರಿಯಿಡೀ ಉರಿಯುತ್ತಿತ್ತು, ನೇರ ನಮ್ಮ ಹಾಸಿಗೆಯ ಕಿಟಕಿಗೆ. ಅತ್ತೆಯ ಒಂದು ಸೀರೆಯನ್ನು ಪರದೆಯ ಮೇಲೆ ಇಳಿಬಿಟ್ಟು ಮಲಗಿದೆವು. ಈಗ ನಕ್ಷೆಯಲ್ಲಿ ಅಳೆಯುವಾಗ ನೂರು ಅಡಿಗಿಂತ ಹತ್ತಿರದವನ್ನೂ ಹೊಡೆದುಹಾಕುತ್ತೇನೆ.