ಲೂಪಸ್ ನೆಫ್ರೈಟಿಸ್‌ಗೆ ಆಂಟಿಬಾಡಿ ಟ್ರಯಲ್: ಲೆಕ್ಕ ತಪ್ಪುವ ಜಾಗಗಳು

ಲೂಪಸ್ ನೆಫ್ರೈಟಿಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಲೂಪಸ್ ಕಾಯಿಲೆಯಿಂದ ಆಗುವ ಕಿಡ್ನಿ ಉರಿಯೂತ. ಅದಕ್ಕೆ ಆಂಟಿಬಾಡಿ ಔಷಧದ ಟ್ರಯಲ್ ನಡೆಸುವವರಿಗೆ ಈ ಮಾತುಗಳು. 271 ಜನರ ರೀಜೆನ್ಸಿ ಟ್ರಯಲ್‌ನಲ್ಲಿ 76ನೇ ವಾರಕ್ಕೆ ಕಿಡ್ನಿ ಪೂರ್ಣ ಸುಧಾರಿಸಿದವರು ಒಬಿನುಟುಜುಮ್ಯಾಬ್ (ರಕ್ಷಣಾ ವ್ಯವಸ್ಥೆಯ ಬಿ-ಜೀವಕೋಶಗಳನ್ನು ಕೊಲ್ಲುವ ಆಂಟಿಬಾಡಿ) ಗುಂಪಿನಲ್ಲಿ ಶೇ 46.4, ಪ್ಲಾಸಿಬೊ (ಔಷಧವಿಲ್ಲದ ಹುಸಿ ಮದ್ದು) ಗುಂಪಿನಲ್ಲಿ ಶೇ 33.1. ಎರಡೂ ಗುಂಪಿಗೆ ಮಾಮೂಲಿ ಔಷಧಗಳಾದ ಮೈಕೋಫೆನೊಲೇಟ್, ಸ್ಟೀರಾಯ್ಡ್ ಇದ್ದೇ ಇದ್ದವು. ಅಂದರೆ ನೀವು ಹಿಡಿಯಬೇಕಾದ ವ್ಯತ್ಯಾಸ ನೂರಕ್ಕೆ ಹದಿಮೂರು. ಅಳತೆ ಸಡಿಲವಾದರೆ ಅಷ್ಟೂ ಮುಳುಗಿಹೋಗುತ್ತದೆ. 144 ಜನರ ಮೇಲೆ ನಡೆದ, ಅದೇ ಬಗೆಯ ಆಂಟಿಬಾಡಿ ರಿಟುಕ್ಸಿಮ್ಯಾಬ್‌ನ ಲೂನಾರ್ ಟ್ರಯಲ್ ಗುರಿ ಮುಟ್ಟಲಿಲ್ಲ ಎಂಬುದು ನೆನಪಿರಲಿ.

ರೋಗಿಯನ್ನು ಟ್ರಯಲ್‌ಗೆ ಸೇರಿಸುವ ಮುನ್ನ ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ಮಾಡುವ ಪರೀಕ್ಷೆ) ನೋಡಿ. ಕಿಡ್ನಿ ಹಾನಿಯ ವಿಧ ಹೇಳುವ ಕ್ಲಾಸ್ 3 ಅಥವಾ 4 ಇರಬೇಕು, ಜೊತೆಗೆ 5 ಇದ್ದರೂ ಸರಿ. ವರದಿ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಒಳಗಿನ ಚಿತ್ರ ಬದಲಾಗಿರಬಹುದು. ಗ್ಲೋಮೆರುಲಸ್ (ರಕ್ತ ಸೋಸುವ ಸಣ್ಣ ಗುಚ್ಛ) ಹತ್ತಕ್ಕಿಂತ ಕಡಿಮೆ ಸಿಕ್ಕಿದ್ದರೆ ಆ ಚೂರನ್ನು ನಂಬಬೇಡಿ. ಕಲೆಗಟ್ಟಿದ ಕಿಡ್ನಿಯಿಂದಲೂ ಮೂತ್ರಕ್ಕೆ ಪ್ರೋಟೀನ್ ಸೋರುತ್ತದೆ. ಅದನ್ನು ಯಾವ ಆಂಟಿಬಾಡಿಯೂ ನಿಲ್ಲಿಸದು. ಅಂಥವರು ಹೆಚ್ಚು ಸೇರಿದರೆ ಔಷಧಕ್ಕೆ ಸುಮ್ಮನೆ ಕೆಟ್ಟ ಹೆಸರು.

ಟೆಲ್ಮಿಸಾರ್ಟನ್, ಲೊಸಾರ್ಟನ್‌ನಂಥ ಬಿಪಿ ಮಾತ್ರೆಗಳು ತಾವೇ ಮೂತ್ರದ ಪ್ರೋಟೀನ್ ಇಳಿಸುತ್ತವೆ. ಟ್ರಯಲ್ ಔಷಧದ ಮೊದಲ ಇನ್ಫ್ಯೂಷನ್‌ಗೆ (ಡ್ರಿಪ್‌ಗೆ) ಮೊದಲೇ ಅವುಗಳ ಡೋಸ್ ನಿಗದಿ ಮಾಡಿ, ಅದನ್ನು ಬದಲಿಸದಂತೆ ಊರಿನ ಡಾಕ್ಟರಿಗೂ ಚೀಟಿ ಬರೆದುಕೊಡಿ. ಸ್ಟೀರಾಯ್ಡ್ ಇಳಿಸುವ ವೇಳಾಪಟ್ಟಿಯೂ ಎಲ್ಲರಿಗೂ ಒಂದೇ ಇರಲಿ. 24ನೇ ವಾರಕ್ಕೆ ದಿನಕ್ಕೆ 5 ಮಿ.ಗ್ರಾಂ. ಒಳ್ಳೆಯ ಗುರಿ. ಸ್ಟೀರಾಯ್ಡ್ ಜಾಸ್ತಿ ಉಳಿದರೆ ಎರಡೂ ಗುಂಪು ಸುಧಾರಿಸಿದಂತೆ ಕಾಣುತ್ತವೆ.

ಸೋಂಕಿನ ವಿಷಯದಲ್ಲಿ ಹೆಪಟೈಟಿಸ್ ಬಿ ಸರ್ಫೇಸ್ ಆಂಟಿಜೆನ್ (ಈಗಿರುವ ಸೋಂಕಿನ ಗುರುತು) ಒಂದೇ ಸಾಲದು, ಕೋರ್ ಆಂಟಿಬಾಡಿಯನ್ನೂ (ಹಿಂದೆ ಬಂದುಹೋದ ಸೋಂಕಿನ ಗುರುತು) ನೋಡಬೇಕು. ಮಲಗಿದ್ದ ವೈರಸ್ ಬಿ-ಜೀವಕೋಶ ಖಾಲಿಯಾದಾಗ ಏಳುತ್ತದೆ. ನಮ್ಮಲ್ಲಿ ಕ್ಷಯದ ಪರೀಕ್ಷೆಯನ್ನಂತೂ ಬಿಡುವಂತಿಲ್ಲ. ಬಿ-ಜೀವಕೋಶ ಖಾಲಿ ಮಾಡುವ ಇನ್ನೊಂದು ಆಂಟಿಬಾಡಿ ಒಕ್ರೆಲಿಜುಮ್ಯಾಬ್‌ನ ಬಿಲಾಂಗ್ ಟ್ರಯಲ್ ಅರ್ಧಕ್ಕೇ ನಿಂತದ್ದು ಗಂಭೀರ ಸೋಂಕುಗಳಿಂದ.

ಈಗ ಎಲ್ಲಕ್ಕಿಂತ ಹೆಚ್ಚು ಕೆಡುವ ಕೆಲಸ, ಪ್ರೋಟೀನ್ ಅಳೆಯಲು 24 ಗಂಟೆಯ ಮೂತ್ರ ಹಿಡಿಯುವುದು. ಬೆಳಿಗ್ಗೆ ಎದ್ದಾಗ ಬರುವ ಮೊದಲ ಮೂತ್ರವನ್ನು ಚೆಲ್ಲಿ, ಗಂಟೆ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಪ್ರತಿ ಸಲದ್ದೂ ಕ್ಯಾನಿಗೆ. ಮರುದಿನ ಅದೇ ಗಂಟೆಯದ್ದು ಕೊನೆಯದು, ಅದೂ ಕ್ಯಾನಿಗೇ. ಮುಟ್ಟಿನ ದಿನಗಳಲ್ಲಿ ಬೇಡ. ಕ್ಯಾನ್ ಬಂದ ಮೇಲೆ ಕ್ರಿಯೇಟಿನಿನ್ (ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬರುವ ತ್ಯಾಜ್ಯ) ಲೆಕ್ಕ ಹಾಕಿ: 50 ಕೆ.ಜಿ. ತೂಕದ ಯುವತಿಯಲ್ಲಿ ದಿನಕ್ಕೆ ಸುಮಾರು 750ರಿಂದ 1000 ಮಿ.ಗ್ರಾಂ. ಇರಬೇಕು. 400 ಬಂದರೆ ಅರ್ಧ ಮೂತ್ರ ಬಚ್ಚಲಿಗೆ ಹೋಗಿದೆ. ಬೈಯಬೇಡಿ, ಇನ್ನೊಂದು ಕ್ಯಾನ್ ಕೊಡಿ. ಬೈದರೆ ಮುಂದಿನ ಸಲ ನೀರು ಬೆರೆಸಿ ತುಂಬಿಸಿ ತರುತ್ತಾರೆ.

ಯಾರಿಗೆ ಔಷಧ, ಯಾರಿಗೆ ಪ್ಲಾಸಿಬೊ ಎಂಬ ಗುಟ್ಟು ಸಿಡಿ19 (ಬಿ-ಜೀವಕೋಶಗಳ ಗುರುತು) ಎಣಿಕೆಯಿಂದಲೂ ರಟ್ಟಾಗುತ್ತದೆ: ಎಣಿಕೆ ಸೊನ್ನೆಗಿಳಿದರೆ ಡಾಕ್ಟರಿಗೆ ಗೊತ್ತೇ ಆಗಿಬಿಡುತ್ತದೆ. ಲ್ಯಾಬ್ ಆ ವರದಿಯನ್ನು ವಾರ್ಡಿಗೆ ಕಳಿಸಬಾರದು.

ಇನ್ನೊಂದು ಸೂಕ್ಷ್ಮವಿದೆ. ಆಂಟಿಬಾಡಿಯೂ ಪ್ರೋಟೀನೇ, ಹಾಗಾಗಿ ಸೋರುವ ಕಿಡ್ನಿಯಲ್ಲಿ ಔಷಧವೂ ಮೂತ್ರದ ಜೊತೆ ಹೋಗುತ್ತದೆ. ಅನಿಫ್ರೊಲುಮ್ಯಾಬ್ ಎಂಬ ಮತ್ತೊಂದು ಆಂಟಿಬಾಡಿಯ 147 ಜನರ ಟ್ಯುಲಿಪ್-ಎಲ್‌ಎನ್ ಟ್ರಯಲ್‌ನಲ್ಲಿ ಮಾಮೂಲಿ ಡೋಸ್ ಪಡೆದವರ ರಕ್ತದಲ್ಲಿ ಔಷಧದ ಮಟ್ಟ ಕಡಿಮೆಯಿತ್ತು. ಮೊದಲ ಮೂರು ಸಲ 900 ಮಿ.ಗ್ರಾಂ., ಆಮೇಲೆ 300 ಪಡೆದವರಲ್ಲಿ ಫಲಿತಾಂಶ ಚೆನ್ನಾಗಿ ಕಂಡಿತು. ಆದ್ದರಿಂದ ಪ್ರತಿ ಇನ್ಫ್ಯೂಷನ್‌ಗೆ ಸ್ವಲ್ಪ ಮುಂಚೆ ಒಂದು ಟ್ಯೂಬ್ ರಕ್ತ ತೆಗೆದು, ಟ್ಯೂಬಿನ ಮೇಲೆ ಗಂಟೆ-ನಿಮಿಷ ಬರೆಯಿರಿ. ಡ್ರಿಪ್ ಹಾಕಿದ ಕೈಯಿಂದ ಮಾತ್ರ ತೆಗೆಯಬೇಡಿ.